ಕೆಂಚಿಯ ಮೂಗಿಗೆ ಕೆಲಸ: ಈ ಬೇಸಿಗೆಯಲ್ಲಿ ಮನೇಲಿ ಕಟ್ಟಿದ್ದು, ಮುರಿದಿದ್ದು, ರಿಪೇರಿ ಮಾಡಿದ್ದು

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಯ ಸಮಯ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಹೋದರೆ ಮಧ್ಯಾಹ್ನ 1.30ಕ್ಕೆ ಮನೆ ಕಡೆ. ಆ ಹೊತ್ತಿಗೆ ಜೇವರ್ಗಿ ರಸ್ತೆಯಲ್ಲಿ ಗಾಡಿ ಓಡಿಸಿದರೆ ಒಲೆಯ ಮುಂದೆ ಮುಖ ಹಿಡಿದ ಹಾಗಿರುತ್ತದೆ. 42, 43 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯಲ್ಲ. ಹಾಗಾಗಿ ಎರಡು ತಿಂಗಳು ಮಧ್ಯಾಹ್ನವೆಲ್ಲ ನಾನು ಮನೇಲೇ ಇರುತ್ತೇನೆ. ನಮ್ಮ ನಾಯಿ ಕೆಂಚಿಯೂ ಮನೇಲೇ.

ಕೆಂಚಿ ಬೀದಿಯಿಂದ ಬಂದವಳು. ಎರಡು ವರ್ಷದ ಹಿಂದೆ ಮಳೆಗಾಲದ ಒಂದು ರಾತ್ರಿ ಗೇಟಿನ ಕೆಳಗೆ ನುಸುಳಿ ಬಂದ ಮರಿ. ಈಗ 15 ಕೆಜಿ. ಮೈ ಕೆಂಪು, ಮೂತಿ ಮಾತ್ರ ಕಪ್ಪು. ಚಳಿಗಾಲದಲ್ಲಿ ಅವಳ ಮೇಲೆ ಒಂದೂ ದೂರು ಇರಲಿಲ್ಲ. ದಿನಕ್ಕೆ ಎರಡು ಸಲ ದೂರ ಸುತ್ತಾಡಿಸಿಕೊಂಡು ಬರುತ್ತಿದ್ದೆ. ಬೇಸಿಗೆ ಬಂದ ಮೇಲೆ ಬೆಳಗಿನ 5.30ಕ್ಕೆ ಅರ್ಧ ಗಂಟೆ, ರಾತ್ರಿ 8 ದಾಟಿದ ಮೇಲೆ ಅರ್ಧ ಗಂಟೆ, ಅಷ್ಟೇ. ಸಂಜೆ 6ಕ್ಕೂ ಡಾಂಬರು ಆರಿರುವುದಿಲ್ಲ. ಹಿಂಗೈ ನೆಲಕ್ಕಿಟ್ಟು ಏಳು ಎಣಿಸುವವರೆಗೆ ನಮಗೆ ತಡೆಯಲು ಆಗದಿದ್ದರೆ ನಾಯಿಯ ಪಾದಕ್ಕೂ ಆಗುವುದಿಲ್ಲ.

ಒಂದೇ ವಾರದಲ್ಲಿ ಎರಡು ಜೋಡಿ ಚಪ್ಪಲಿ ಹೋದವು. ಅಡುಗೆಮನೆ ಬಾಗಿಲ ಚೌಕಟ್ಟಿನ ಒಂದು ಮೂಲೆ ಹೋಯಿತು. ಆಮೇಲೆ ಅವ್ವ ಮೂರು ವರ್ಷದಿಂದ ಬೆಳೆಸಿದ ಕರಿಬೇವಿನ ಬುಡ. ನಾನು ಜೋರಾಗಿ ಗದರಿದೆ. ಮಗಳು ಅತ್ತಳು. ಅವ್ವ ಮಾತ್ರ ಕಿತ್ತುಹೋದ ಬುಡಕ್ಕೆ ಮಣ್ಣು ಏರಿಸುತ್ತಾ ಹೇಳಿದಳು: "ಅದಕ್ಕ ಬೈಬ್ಯಾಡ ತಮ್ಮಾ. ಅದಕ್ಕ ಕೆಲಸ ಇಲ್ಲ. ಹೊಲದಾಗಿನ ನಾಯಿ ನೋಡು, ಇಡೀ ದಿನ ಮೂಸ್ಕೋತ ತಿರಗ್ತದ. ಇದು ಪರ್ಸಿ ಮ್ಯಾಲ ಮಲಗಿ ಮಲಗಿ ಏನ್ ಮಾಡಬೇಕು?" ಪರ್ಸಿ ಅಂದರೆ ನಮ್ಮ ಕಡೆ ನೆಲಕ್ಕೆ ಹಾಸುವ ಕಲ್ಲು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಅವತ್ತು ರಾತ್ರಿ ಊಟ ಹಾಕುವಾಗ ಮಗಳಿಗೆ ಮೊಬೈಲ್‌ನಲ್ಲಿ ಟೈಮ್ ನೋಡು ಅಂದೆ. ತಟ್ಟೆ ಖಾಲಿಯಾಗಲು ಒಂದು ನಿಮಿಷ ಹತ್ತು ಸೆಕೆಂಡು. ಬೀದಿ ನಾಯಿಗೆ ಹೊಟ್ಟೆ ತುಂಬಿಸಿಕೊಳ್ಳುವುದೇ ಒಂದು ದಿನದ ದುಡಿಮೆ. ನಮ್ಮ ಮನೆಯಲ್ಲಿ ಆ ದುಡಿಮೆ ಒಂದು ನಿಮಿಷಕ್ಕೆ ಮುಗಿದು, ಉಳಿದ ಹೊತ್ತೆಲ್ಲ ಚಪ್ಪಲಿಯ ಪಾಲಾಗಿತ್ತು. 1963ರಲ್ಲಿ ಗ್ಲೆನ್ ಜೆನ್ಸನ್ ಎಂಬ ಅಮೆರಿಕದ ಸಂಶೋಧಕ ಇಲಿಗಳಿಗೆ ಎರಡು ದಾರಿ ಇಟ್ಟು ನೋಡಿದ್ದರು. ಬಟ್ಟಲಲ್ಲಿ ಸುಮ್ನೆ ಸಿಗುವ ಕಾಳು ಒಂದು ಕಡೆ, ಸನ್ನೆಕೋಲು ಒತ್ತಿದರೆ ಬೀಳುವ ಕಾಳು ಇನ್ನೊಂದು ಕಡೆ. ಬಟ್ಟಲು ಪಕ್ಕದಲ್ಲೇ ಇದ್ದರೂ ಬಹಳಷ್ಟು ಇಲಿಗಳು ಸನ್ನೆಕೋಲು ಒತ್ತಿಯೇ ತಿಂದವು. ಎಲ್ಲ ಪ್ರಾಣಿಗಳೂ ಒಂದೇ ಥರ ಅಲ್ಲ, ಎಲ್ಲ ನಾಯಿಗಳೂ ಒಂದೇ ಥರ ಅಲ್ಲ. ಆದರೆ ಅವ್ವ ಹೇಳಿದ್ದು ಅದನ್ನೇ ಅಲ್ವಾ?

ತಿಂಡಿ ಜಾಸ್ತಿ ಹಾಕುವುದು ಬೇಡ, ಇರುವ ಊಟವನ್ನೇ ಹುಡುಕಿ ತಿನ್ನುವ ಹಾಗೆ ಮಾಡೋಣ ಅಂತ ತೀರ್ಮಾನ ಮಾಡಿದೆವು.

ಗೋಣಿಚೀಲ ಕೈಕೊಟ್ಟಿತು

ಮೊದಲು ಕೈ ಹಾಕಿದ್ದು ಮೂಸುವ ಚಾಪೆಗೆ. ಬಟ್ಟೆಯ ಪಟ್ಟಿಗಳು ಹುಲ್ಲಿನ ಹಾಗೆ ಒತ್ತಾಗಿ ನಿಂತಿರುವ ಒಂದು ಚಾಪೆ. ಒಳಗೆ ತಿಂಡಿಯ ಚೂರು ಉದುರಿಸಿದರೆ ನಾಯಿ ಕಣ್ಣಿನಿಂದ ಅಲ್ಲ, ಮೂಗಿನಿಂದಲೇ ಹುಡುಕಬೇಕು.

ನೆಹರು ಗಂಜ್‌ನಿಂದ ತಂದ ತೊಗರಿಯ ಗೋಣಿಚೀಲ ಮನೇಲೇ ಬಿದ್ದಿತ್ತು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ ಕತ್ತರಿಸಿ, ಉಳಿದ ಚೀಲವನ್ನು ಪಟ್ಟಿ ಮಾಡಿ ಅದಕ್ಕೇ ಪೋಣಿಸಿದೆ. ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ನೋಡಲು ಚೆನ್ನಾಗಿಯೇ ಇತ್ತು. ಕೆಂಚಿ ಬಾಲ ಆಡಿಸುತ್ತಾ ಹುಡುಕಿದಳು, ನಾವು ಮೂವರೂ ಖುಷಿಪಟ್ಟೆವು.

ಮೂರನೇ ದಿನ ಬೆಳಿಗ್ಗೆ ಅವಳ ಹೇಸಿಗೆಯಲ್ಲಿ ಸೆಣಬಿನ ನಾರು ಕಂಡಿತು. ಆಗ ಚಾಪೆಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಕತ್ತರಿಸಿದ ಕಡೆಯೆಲ್ಲ ನಾರು ಬಿಟ್ಟುಕೊಂಡಿತ್ತು. ರೊಟ್ಟಿ ಚೂರು ತೆಗೆಯುವಾಗ ನಾಲಿಗೆಗೆ ನಾರೂ ಅಂಟಿ ಹೊಟ್ಟೆಗೆ ಹೋಗುತ್ತಿತ್ತು. ನಾರು, ದಾರ, ಉದ್ದ ಬಟ್ಟೆ ಇವೆಲ್ಲ ಕರುಳಿನಲ್ಲಿ ಸಿಕ್ಕಿಕೊಂಡರೆ ಆಪರೇಷನ್‌ವರೆಗೂ ಹೋಗಬಹುದು. ಕಾಳಿನ ಚೀಲಕ್ಕೆ ಹುಳು ಬೀಳದಂತೆ ಔಷಧಿ ಹೊಡೆದಿರುವ ಸಾಧ್ಯತೆಯೂ ಇರುತ್ತದೆ. ಅವತ್ತೇ ಚಾಪೆಯನ್ನು ಒಲೆಗೆ ಹಾಕಿದೆ. ನೀವು ಮಾಡುವುದಾದರೆ ಗೋಣಿಚೀಲದಿಂದ ಶುರು ಮಾಡಲೇಬೇಡಿ.

ರಬ್ಬರ್ ಮ್ಯಾಟು, ಬನಿಯನ್ ಪಟ್ಟಿ, ಅವ್ವನ ಗಂಟು

ಸೂಪರ್ ಮಾರ್ಕೆಟ್ ಕಡೆ ಹೋದಾಗ ಬಾಗಿಲಿಗೆ ಹಾಕುವ ತೂತಿನ ರಬ್ಬರ್ ಮ್ಯಾಟ್ ಸಿಕ್ಕಿತು. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ. ತೂತುಗಳು ಕಿರುಬೆರಳು ಹೋಗುವಷ್ಟು ದೊಡ್ಡವು. ಹೊಸ ರಬ್ಬರಿನ ವಾಸನೆ ಜೋರಾಗಿತ್ತು. ಮೂಗಿನ ಕೆಲಸಕ್ಕೆ ಮಾಡುವ ಸಾಮಾನಿಗೆ ಇಂಥ ವಾಸನೆ ಇರಬಾರದು ಅಂತ ಸೋಪಿನ ನೀರಲ್ಲಿ ಎರಡು ಸಲ ತೊಳೆದು, ಮಾಳಿಗೆ ಮೇಲೆ ನಾಲ್ಕು ದಿನ ಬಿಸಿಲಿಗೆ ಹಾಕಿದೆ.

ಪಟ್ಟಿಗೆ ಬೇಕಾಗಿದ್ದು ಹಳೆ ಬನಿಯನ್ ಮತ್ತು ಟೀ ಶರ್ಟ್. ಇದು ಅವ್ವನ ಆಯ್ಕೆ. ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿರುವ ಕೈ ಅದು. ಬಟ್ಟೆ ಮುಟ್ಟಿದ ಕೂಡಲೇ ಯಾವುದು ತಡೆಯುತ್ತದೆ, ಯಾವುದು ದಾರ ಬಿಡುತ್ತದೆ ಅಂತ ಹೇಳುತ್ತಾಳೆ. ನಾನು ಹಳೆ ಸೀರೆ ತಂದಿಟ್ಟಾಗ ಪಕ್ಕಕ್ಕೆ ಸರಿಸಿದಳು. ನೇಯ್ದ ಬಟ್ಟೆ ಕತ್ತರಿಸಿದರೆ ಅಂಚಿನಿಂದ ಎಳೆ ಬಿಚ್ಚುತ್ತಲೇ ಹೋಗುತ್ತದೆ. ಬನಿಯನ್ ಬಟ್ಟೆ ಹೆಣೆದದ್ದು. ಅಡ್ಡಕ್ಕೆ ಕತ್ತರಿಸಿ ಎರಡೂ ತುದಿ ಹಿಡಿದು ಒಮ್ಮೆ ಜಗ್ಗಿದರೆ ಅಂಚು ತಾನಾಗಿ ಒಳಗೆ ಸುರುಳಿಯಾಗಿ ದಪ್ಪ ಹಗ್ಗದ ಹಾಗಾಗುತ್ತದೆ. ಎಳೆ ಬಿಡುವುದಿಲ್ಲ. ನೈಲಾನ್ ಮಿಶ್ರಣ ಇದ್ದದ್ದನ್ನೂ, ಅಕ್ಷರ ಮುದ್ರಿಸಿದ ಜಾಗವನ್ನೂ ಬಿಟ್ಟೆವು. ಆ ಮುದ್ರೆ ಪದರ ಪದರವಾಗಿ ಏಳುತ್ತದೆ.

ಒಂದೊಂದು ಪಟ್ಟಿ 3 ಸೆಂ.ಮೀ. ಅಗಲ, 18 ಸೆಂ.ಮೀ. ಉದ್ದ. ಮ್ಯಾಟಿನ ಒಂದು ತೂತಿನಿಂದ ಕೆಳಗೆ ಇಳಿಸಿ, ಪಕ್ಕದ ತೂತಿನಿಂದ ಮೇಲೆ ತಂದು, ಮೇಲುಗಡೆ ಗಂಟು ಹಾಕಬೇಕು. ಎರಡೂ ತುದಿ ಮೇಲೆ ನಿಲ್ಲುತ್ತವೆ. ನಾನು ಮೊದಲ ಸಾಲು ಕಟ್ಟಿ ಮುಗಿಸಿದಾಗ ಅವ್ವ ಒಂದು ಪಟ್ಟಿ ಹಿಡಿದು ಎಳೆದಳು. ಗಂಟು ಜಾರಿ ಕೈಗೆ ಬಂತು. ಇನ್ನೊಂದು ಎಳೆದಳು, ಅದೂ ಬಂತು. ಆಮೇಲೆ ನನ್ನ ಕೈ ಹಿಡಿದು ತೋರಿಸಿದಳು. ಮೊದಲ ಗಂಟಿಗೆ ಎಡಗಡೆ ತುದಿ ಮೇಲೆ ಬಂದರೆ, ಎರಡನೇ ಗಂಟಿಗೆ ಬಲಗಡೆ ತುದಿ ಮೇಲೆ ಬರಬೇಕು. ನಾನು ಎರಡು ಸಲವೂ ಎಡಗಡೆಯದನ್ನೇ ಮೇಲೆ ಹಾಕುತ್ತಿದ್ದೆ. ಎದುರುಬದುರು ಬಿದ್ದ ಗಂಟು ಎಳೆದಷ್ಟೂ ಬಿಗಿಯುತ್ತದೆ. ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿದೆ.

ಎರಡನೇ ದಿನ ಅರ್ಧ ಮ್ಯಾಟ್ ಆಗಿತ್ತು. ಸಾಲು ಬಿಟ್ಟು ಸಾಲು ಕಟ್ಟಿದರೆ ಬೇಗ ಮುಗಿಯುತ್ತದೆ ಅಂತ ನಾನು ಹಾಗೇ ಹೋಗುತ್ತಿದ್ದೆ. "ಇಷ್ಟು ತೆಳ್ಳಗ ಬಿತ್ತಿದ್ರ ಏನ್ ಬೆಳೀತದ?" ಅಂದಳು ಅವ್ವ. ನಿಜ. ರೊಟ್ಟಿ ಚೂರು ಪಟ್ಟಿಗಳ ನಡುವೆ ನಿಲ್ಲದೆ ತೂತಿನಿಂದ ಸೀದಾ ನೆಲಕ್ಕೆ ಬೀಳುತ್ತಿತ್ತು. ಹಾಗಾಗಿ ಒಂದು ಸುತ್ತು ಅಡ್ಡ, ಇನ್ನೊಂದು ಸುತ್ತು ಉದ್ದಕ್ಕೆ ಕಟ್ಟಿದೆವು. ಮಗಳ ಎಣಿಕೆಯ ಪ್ರಕಾರ ಒಟ್ಟು 340 ಪಟ್ಟಿ. ಮೂರು ಜನ, ಮೂರು ಮಧ್ಯಾಹ್ನ.

ಒಳಗೆ ಹಾಕಿದ್ದು ಖಡಕ್ ಜೋಳದ ರೊಟ್ಟಿಯ ಚೂರು. ಇದರಷ್ಟು ಹೊಂದುವ ವಸ್ತು ಬೇರೆ ಸಿಗಲಿಲ್ಲ. ಒಣಗಿರುತ್ತದೆ, ಬಟ್ಟೆಗೆ ಅಂಟುವುದಿಲ್ಲ, ಉಗುರಿನಷ್ಟು ಚೂರು ಮಾಡಿದರೆ ಪಟ್ಟಿಯ ಬುಡಕ್ಕೆ ಇಳಿಯುತ್ತದೆ. ನಮ್ಮ ಮನೆಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಅದೂ ಅನುಕೂಲವಾಯಿತು. ನಡುವೆ ನಾಲ್ಕಾರು ಪುಟಾಣಿ (ಹುರಿಗಡಲೆ). ಇಷ್ಟನ್ನೂ ಅವಳ ರಾತ್ರಿ ಊಟದ ಲೆಕ್ಕದಿಂದಲೇ ಕಳೆಯುತ್ತೇವೆ. ಇಲ್ಲದಿದ್ದರೆ ಆಟದ ಹೆಸರಿನಲ್ಲಿ ನಾಯಿ ದಪ್ಪಗಾಗುತ್ತದೆ.

ಮೊದಲ ದಿನ ಚೂರುಗಳನ್ನು ಮೇಲೆಯೇ ಕಾಣುವ ಹಾಗೆ ಇಟ್ಟೆವು. ಗೆಲುವು ಬೇಗ ಸಿಗಬೇಕು, ಆಗ ಮಾತ್ರ ಮುಂದಿನ ಸಲ ಹುಡುಕುವ ಆಸೆ ಉಳಿಯುತ್ತದೆ. 3 ನಿಮಿಷದಲ್ಲಿ ಮುಗಿಸಿದಳು. ದಿನ ದಿನವೂ ಸ್ವಲ್ಪ ಸ್ವಲ್ಪ ಆಳಕ್ಕೆ ಇಳಿಸಿದೆವು. ಹತ್ತನೇ ದಿನಕ್ಕೆ 12 ನಿಮಿಷ. ಮುಗಿದ ಮೇಲೆ ಅವಳು ಮಂಚದ ಕೆಳಗೆ ಹೋಗಿ, ಒಂದು ಉದ್ದ ಉಸಿರು ಬಿಟ್ಟು ಮಲಗಿದಳು. ಆ ಉಸಿರಿನ ಸದ್ದು ಕೇಳಿ ನನಗೆ ಆದ ಸಮಾಧಾನ ಹೇಳತೀರದು.

ಮೂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ದಿನ ಅವ್ವ ರೊಟ್ಟಿ ಬಡಿದ ಮೇಲೆ ಕಪ್ಪು ಪರ್ಸಿಯ ಮೇಲೆ ಜೋಳದ ಹಿಟ್ಟು ತೆಳ್ಳಗೆ ಉದುರಿತ್ತು. ಕೆಂಚಿ ಬಂದು ಮೂಸಿದಳು. ಹಿಟ್ಟಿಗೆ ಅಷ್ಟು ಹತ್ತಿರ ಮೂಗು ಇಟ್ಟರೂ ಎದುರಿನ ಹಿಟ್ಟು ಕದಲಲಿಲ್ಲ. ಮೂತಿಯ ಎರಡೂ ಪಕ್ಕಕ್ಕೆ, ಸ್ವಲ್ಪ ಹಿಂದಕ್ಕೆ, ಹಿಟ್ಟಿನ ಪುಡಿ ಪುಸ್ ಪುಸ್ ಅಂತ ಹಾರಿತು. ನೆಲಕ್ಕೆ ಒರಗಿ ಅವಳ ಮೂಗನ್ನೇ ನೋಡಿದೆ. ಹೊಳ್ಳೆಯ ಪಕ್ಕದಲ್ಲಿ ಒಂದು ಸಣ್ಣ ಸೀಳು ಇದೆ. ನಾಯಿ ಎದುರಿನಿಂದ ಗಾಳಿ ಎಳೆದು, ಬಿಡುವ ಉಸಿರನ್ನು ಆ ಸೀಳಿನಿಂದ ಪಕ್ಕಕ್ಕೆ ಬಿಡುತ್ತದೆ. ಹಾಗಾಗಿ ಮುಂದಿರುವ ವಾಸನೆ ಚೆದುರುವುದಿಲ್ಲ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಕಣಗಳು ಸುಮಾರು 50ರಿಂದ 60 ಲಕ್ಷ ಅನ್ನುತ್ತಾರೆ. ನಾಯಿಗೆ 10 ಕೋಟಿಗೂ ಜಾಸ್ತಿ. ಇಂಥ ಮೂಗು ಇಟ್ಟುಕೊಂಡು ಅವಳು ನಾಲ್ಕು ಗೋಡೆ ನೋಡುತ್ತಾ ಕೂತಿದ್ದಳಲ್ಲ ಅಂತ ಅವತ್ತು ನನಗೆ ಬಹಳ ಸಂಕಟವಾಯಿತು.

ಏಪ್ರಿಲ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅವಳು ಚಾಪೆಯ ಹತ್ತಿರ ಬಂದು, ಎರಡು ಸಲ ಮೂಸಿ, ಬಿಟ್ಟು ಹೋದಳು. ಮರುದಿನವೂ ಹಾಗೇ. ಬೇಜಾರು ಬಂತೇನೋ ಅಂದುಕೊಂಡೆ. ಕಾರಣ ಬೇರೆಯೇ ಇತ್ತು. ಕರೆಂಟ್ ಹೋಗಿ ಕೂಲರ್ ನಿಂತಿತ್ತು, ಅವಳು ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದಳು. ನಾಯಿ ಮೈ ತಣಿಸಿಕೊಳ್ಳುವುದೇ ಹಾಗೆ. ಬಾಯಿಂದ ಏದುಸಿರು ಬಿಡುವಾಗ ಮೂಗಿನಿಂದ ಸರಿಯಾಗಿ ಮೂಸಲು ಆಗುವುದಿಲ್ಲ. ಅಂದಿನಿಂದ ಚಾಪೆ ಹಾಸುವ ಜಾಗ ಬದಲಾಯಿತು. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಒಳಕೋಣೆ, ಬೆಳಿಗ್ಗೆ 11ರೊಳಗೆ, ಇಲ್ಲವೇ ಅವಳು ನೀರು ಕುಡಿದು ಅರ್ಧ ಗಂಟೆ ಮಲಗೆದ್ದ ಮೇಲೆ. ಕೂಲರ್ ಎದುರಿಗೆ ಹಾಸುವುದಿಲ್ಲ, ಗಾಳಿಗೆ ವಾಸನೆ ಎಲ್ಲೆಲ್ಲೋ ಹೋಗುತ್ತದೆ.

ಉರುಳುವ ಪೈಪು

ಪಕ್ಕದ ಮನೆಯ ಕಾಕಾ ಪ್ಲಂಬಿಂಗ್ ಕೆಲಸ ಮಾಡುತ್ತಾರೆ. ಅವರ ಹತ್ತಿರ 63 ಮಿ.ಮೀ. ಪಿವಿಸಿ ಪೈಪಿನ ಒಂದು ತುಂಡು ಉಳಿದಿತ್ತು. 30 ಸೆಂ.ಮೀ. ಉದ್ದ ಕತ್ತರಿಸಿಕೊಟ್ಟರು. ಎರಡು ಎಂಡ್ ಕ್ಯಾಪ್ ನಾನು ತಂದೆ. ಪೈಪಿನಲ್ಲಿ ತೂತು ಕೊರೆದು, ಒಳಗೆ ರೊಟ್ಟಿ ಚೂರು ಹಾಕಿ ಮುಚ್ಚಿದರೆ, ನಾಯಿ ಮೂಗಿನಿಂದ ಉರುಳಿಸಿದಂತೆಲ್ಲ ಒಂದೊಂದೇ ಚೂರು ಬೀಳಬೇಕು. ಲೆಕ್ಕ ಇಷ್ಟೇ.

ಮೊದಲು 10 ಮಿ.ಮೀ. ಬಿಟ್ ಹಾಕಿ ಆರು ತೂತು ಕೊರೆದೆ. ಕೆಂಚಿ ಹತ್ತು ನಿಮಿಷ ಉರುಳಿಸಿದರೂ ಒಂದು ಚೂರೂ ಬೀಳಲಿಲ್ಲ. ಕಾಲಲ್ಲಿ ಬಡಿದಳು, ಬೊಗಳಿದಳು, ಕೊನೆಗೆ ನನ್ನ ಮುಖ ನೋಡಿ ಹೋಗಿ ಮಲಗಿದಳು. ರೊಟ್ಟಿ ಚೂರು ಚಪ್ಪಟೆ, ಕಾಳಿನ ಹಾಗೆ ದುಂಡಗಿಲ್ಲ. ಅಡ್ಡಡ್ಡ ಬಂದು ತೂತಿಗೆ ಸಿಕ್ಕಿಕೊಳ್ಳುತ್ತಿತ್ತು. ಮರುದಿನ ದೊಡ್ಡ ತೂತು ಕೊರೆಯುವ ಕಾಕಾನ ಹೋಲ್ ಸಾ ಇಸಿದುಕೊಂಡು ಎಲ್ಲವನ್ನೂ 25 ಮಿ.ಮೀ. ಮಾಡಿದೆ. ಎರಡೇ ನಿಮಿಷಕ್ಕೆ ಎಲ್ಲ ಖಾಲಿ. ಆರು ತೂತಲ್ಲಿ ನಾಲ್ಕನ್ನು ಮುಚ್ಚಬೇಕಾಯಿತು. ಟೇಪು ಹಚ್ಚಿದರೆ ಕಿತ್ತು ತಿನ್ನುತ್ತಾಳೆ. ಕಾಕಾ ಇನ್ನೊಂದು ತುಂಡು ಪೈಪು ಕೊಟ್ಟರು, ಹೊಸದಾಗಿ ಮಾಡಿದೆ. 20 ಮಿ.ಮೀ. ತೂತು ಮೂರು, ಒಂದೇ ಸಾಲಿನಲ್ಲಿ ಅಲ್ಲ, ಸುತ್ತಲೂ ಬೇರೆ ಬೇರೆ ಎತ್ತರಕ್ಕೆ. ಚೂರು ದೊಡ್ಡದಾದ ಬದಿಗೂ 12, 13 ಮಿ.ಮೀ. ಮೀರಬಾರದು. ಅಂದರೆ ತೂತು ಚೂರಿನ ಒಂದೂವರೆ ಪಟ್ಟು ಇದ್ದರೆ ಸರಿ. ಈಗ 8ರಿಂದ 9 ನಿಮಿಷ ಹಿಡಿಯುತ್ತದೆ.

ತೂತಿನ ಅಂಚನ್ನು ಒಳಗೂ ಹೊರಗೂ ಪಾಲಿಶ್ ಪೇಪರಿನಿಂದ ಚೆನ್ನಾಗಿ ಉಜ್ಜಬೇಕು. ನಿಮ್ಮ ಬೆರಳು ಹಾಕಿ ಸುತ್ತ ತಿರುಗಿಸಿ ನೋಡಿ. ಎಲ್ಲಾದರೂ ಗೀರಿದರೆ ಅವಳ ನಾಲಿಗೆಗೂ ಗೀರುತ್ತದೆ. ಪೈಪ್ ಅಂಟಿಸುವ ಸೊಲ್ಯೂಷನ್ ಬಳಸಲಿಲ್ಲ, ಅದರ ವಾಸನೆ ತಡೆಯಲು ನಮಗೇ ಆಗುವುದಿಲ್ಲ. ಒಂದು ಕ್ಯಾಪನ್ನು ಮರದ ಸುತ್ತಿಗೆಯಿಂದ ಪೂರ್ತಿ ಬಡಿದು ಕೂರಿಸಿದೆ. ಇನ್ನೊಂದು ಕೈಯಿಂದ ತಿರುಚಿ ತೆಗೆಯುವಷ್ಟು ಬಿಗಿ. ಅದು ತೆಗೆದು ಬ್ರಶ್ ಹಾಕಿ ತೊಳೆಯಬಹುದು.

ಇನ್ನೊಂದು ತೊಂದರೆ ಸದ್ದು. ಪರ್ಸಿ ನೆಲದ ಮೇಲೆ ಪಿವಿಸಿ ಉರುಳಿದರೆ ಮನೆಯೆಲ್ಲ ಗಡಗಡ. ಕೆಂಚಿಯೇ ಎರಡು ಸಲ ಬೆಚ್ಚಿ ಹಿಂದೆ ಸರಿದಳು. ಹಳೆ ಸೈಕಲ್ ಟ್ಯೂಬ್ ಕತ್ತರಿಸಿ ಬಳೆಯ ಹಾಗೆ ಎರಡೂ ತುದಿಗೆ ಎರಡೆರಡು ಏರಿಸಿದೆ. ಸದ್ದು ಅಡಗಿತು, ಉರುಳುವ ವೇಗವೂ ಕಡಿಮೆಯಾಯಿತು. ಕ್ಯಾಪಿಗೆ ತಾಗುವಷ್ಟು ಬಿಗಿಯಾಗಿ ಏರಿಸಿದ್ದರಿಂದ ಇದುವರೆಗೆ ಅವಳು ಅದಕ್ಕೆ ಹಲ್ಲು ಹಾಕಿಲ್ಲ. ಹಾಕಿದ ದಿನ ತೆಗೆಯುತ್ತೇನೆ.

ಇಂಥ ಸಾಮಾನಿನಲ್ಲಿ ಜಗತ್ತಿಗೆಲ್ಲ ಗೊತ್ತಿರುವ, ನಾಯಿ ಕಡಿಯುವ ಕಾಂಗ್ ಎಂಬ ರಬ್ಬರ್ ಆಟಿಕೆ ಕೂಡ ಗಾಡಿ ರಿಪೇರಿಯಿಂದಲೇ ಹುಟ್ಟಿದ್ದು. 1970ರ ದಶಕದಲ್ಲಿ ಅಮೆರಿಕದ ಕೊಲರಾಡೊದಲ್ಲಿ ಜೋ ಮಾರ್ಕಮ್ ಎಂಬವರ ಜರ್ಮನ್ ಶೆಫರ್ಡ್ ಫ್ರಿಟ್ಜ್ ಕಲ್ಲು ಕಡಿದು ಕಡಿದು ಹಲ್ಲು ಹಾಳು ಮಾಡಿಕೊಳ್ಳುತ್ತಿತ್ತು. ಅವರು ಫೋಕ್ಸ್‌ವ್ಯಾಗನ್ ವ್ಯಾನ್ ರಿಪೇರಿ ಮಾಡುತ್ತಾ ತೆಗೆದು ಹಾಕಿದ ಒಂದು ರಬ್ಬರ್ ಭಾಗ ಅದಕ್ಕೆ ಬಹಳ ಹಿಡಿಸಿತು. ಆ ಆಕಾರವೇ ಮುಂದೆ ಆಟಿಕೆಯಾಯಿತು. ಹಾಗಂತ ಗ್ಯಾರೇಜಿನ ಹಳೆ ರಬ್ಬರ್ ಬುಶ್ ತಂದು ನಾಯಿಗೆ ಕೊಡಬೇಡಿ. ಅದರೊಳಗೆ ಆಯಿಲ್, ಗ್ರೀಸ್ ಇಳಿದಿರುತ್ತದೆ.

ಪ್ಲಾಸ್ಟಿಕ್ ಬಾಟಲಿಗಳನ್ನು ಸರಳಿಗೆ ಪೋಣಿಸಿ ತಿರುಗಿಸುವ ಸ್ಟ್ಯಾಂಡ್ ಕೂಡ ಮಾಡಿದ್ದೆ. ಬಾಟಲಿಯ ಸರಿಮಧ್ಯಕ್ಕಿಂತ ಸ್ವಲ್ಪ ಮೇಲೆ ತೂತು ಹಾಕಿದರೆ ಅದು ತಾನಾಗಿ ನೆಟ್ಟಗೆ ನಿಲ್ಲುತ್ತದೆ, ನಾಯಿ ತಳ್ಳಿ ತಲೆಕೆಳಗು ಮಾಡಿದಾಗ ಮಾತ್ರ ತಿಂಡಿ ಬೀಳುತ್ತದೆ. ತೂತು ತೀರಾ ಮೇಲಾದರೆ ತಿರುಗುವುದೇ ಇಲ್ಲ. ಚೆನ್ನಾಗಿ ಕೆಲಸ ಮಾಡಿತು. ಆದರೆ ಕೆಂಚಿ ತಳ್ಳುವವಳಲ್ಲ, ಹಿಡಿದು ಎಳೆಯುವವಳು. ನಾಲ್ಕನೇ ದಿನ ಒಂದು ಬಾಟಲಿ ಸೀಳಿ ಚೂಪು ಅಂಚು ಎದ್ದಿತ್ತು. ಬಿಚ್ಚಿ ಒಳಗಿಟ್ಟೆ. ಮೆತ್ತಗೆ ಆಡುವ ನಾಯಿಗೆ ಅದು ಒಳ್ಳೆಯದು, ನಮ್ಮ ಮನೆಗೆ ಅಲ್ಲ.

ಅಗೆಯಲು ಒಂದು ಜಾಗ

ಕರಿಬೇವಿನ ಬುಡದ ವಿಷಯ ಇನ್ನೂ ಬಾಕಿ ಇತ್ತು. ಅಗೆಯಬೇಡ ಅಂದರೆ ನಾಯಿ ಕೇಳುವುದಿಲ್ಲ. ಮೇಲಿನ ಕಾದ ಮಣ್ಣು ತೆಗೆದರೆ ಕೆಳಗೆ ತಂಪು ಸಿಗುತ್ತದೆ ಅಂತ ಅದಕ್ಕೆ ಗೊತ್ತು. ದಿನಾ ನೀರು ಬೀಳುವ ಕರಿಬೇವಿನ ಬುಡ ಅಂಗಳದಲ್ಲಿ ಎಲ್ಲಕ್ಕಿಂತ ತಂಪಾದ ಜಾಗ. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಅಂಗಳದ ಉಳಿದ ನೆಲ ಎರೆಮಣ್ಣು. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನ ಹಾಗೆ, ನೀರು ಹಾಕಿದರೆ ಅಂಟು. ಉಗುರಿನ ಸಂದಿಯಲ್ಲಿ ಒಣಗಿದ ಎರೆಮಣ್ಣು ತೆಗೆಯುವುದು ಒಂದು ದೊಡ್ಡ ಕೆಲಸ. ಹಾಗಾಗಿ ಮರಳಿನ ಗುಂಡಿ ಮಾಡೋಣ ಅಂದುಕೊಂಡೆ. ಬೇವಿನ ಗಿಡದ ನೆರಳಲ್ಲಿ 4 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರಕ್ಕೆ ಇಟ್ಟಿಗೆ ಜೋಡಿಸಿದೆ. ಸಿಮೆಂಟ್ ಹಾಕಲಿಲ್ಲ, ಬೇಡವಾದರೆ ತೆಗೆಯಬಹುದು. ತುಂಬಲು ಬೇಕಾದ್ದು 12 ಘನ ಅಡಿ ಮರಳು.

ಮೊದಲು ಎಂ ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿದ ಮರಳು ತಂದೆ. ಅಗೆದಾಗ ಸಣ್ಣ ಪುಡಿ ಎದ್ದು ಕೆಂಚಿ ಸೀನಿ ಸೀನಿ ಸುಸ್ತಾದಳು. ಕಾಳು ಕೂಡ ಒರಟು, ಪಾದದ ಬೆರಳ ಸಂದಿ ಕೆಂಪಾಯಿತು. ಅದನ್ನು ತೆಗೆದು, ಪಕ್ಕದ ಬೀದಿಯಲ್ಲಿ ಮನೆ ಕಟ್ಟಿ ಉಳಿದ ಹೊಳೆ ಮರಳು ಕೇಳಿ ತಂದೆ. ಜರಡಿ ಹಿಡಿದಾಗ ಎರಡು ಮೊಳೆ, ಒಂದು ಬ್ಲೇಡಿನ ತುಂಡು ಸಿಕ್ಕವು. ಜರಡಿ ಹಿಡಿಯದೆ ಹಾಕಬೇಡಿ.

ಹೊಸ ಗುಂಡಿ ತನ್ನದು ಅಂತ ಅವಳಿಗೆ ತಿಳಿಯಬೇಕಲ್ಲ. ಅವಳ ಪ್ರೀತಿಯ ಹಳೆ ಬಟ್ಟೆ ಚೆಂಡನ್ನು ಮರಳಲ್ಲಿ ಅರ್ಧ ಕಾಣುವ ಹಾಗೆ ಹೂತೆವು. ಮಗಳು ಒಳಗೆ ಕೂತು ಎರಡೂ ಕೈಯಲ್ಲಿ ಅಗೆಯತೊಡಗಿದಳು. ಕೆಂಚಿ ಒಂದು ಕ್ಷಣ ಕಿವಿ ನೆಟ್ಟಗೆ ಮಾಡಿ ನೋಡಿ ಒಳಗೆ ಹಾರಿದಳು. ಮರಳು ಅಡುಗೆಮನೆ ಕಿಟಕಿವರೆಗೆ ಹಾರಿತು. ಅಷ್ಟು ಖುಷಿಯಿಂದ ಅಗೆಯುವ ನಾಯಿಯನ್ನು ನಾನು ನೋಡಿರಲಿಲ್ಲ. ಕರಿಬೇವಿನ ಬುಡಕ್ಕೆ ಒಡೆದ ಶಹಾಬಾದ್ ಪರ್ಸಿಯ ತುಂಡುಗಳನ್ನು ಸುತ್ತ ಹಾಸಿದೆ. ಎರಡು ವಾರದಲ್ಲಿ ಆ ಕಡೆ ಹೋಗುವುದು ನಿಂತಿತು.

ಮರಳಿಗೆ ಬೆಳಿಗ್ಗೆ, ಸಂಜೆ ನೀರು ಚಿಮುಕಿಸುತ್ತೇವೆ. ರಾತ್ರಿ ಮುಚ್ಚಲೇಬೇಕು, ಇಲ್ಲದಿದ್ದರೆ ಬೆಕ್ಕುಗಳು ಗಲೀಜು ಮಾಡುತ್ತವೆ. ಬೆಳಿಗ್ಗೆ ತೆರೆದ ಮೇಲೆ ಕೋಲಿನಿಂದ ಪೂರ್ತಿ ಕೆದಕುತ್ತೇನೆ, ಇಟ್ಟಿಗೆ ಸಂದಿಯನ್ನೂ ನೋಡುತ್ತೇನೆ. ತಂಪಿಗೆ ಚೇಳು ಬಂದು ಕೂರುತ್ತದೆ. ಮೇ ತಿಂಗಳಲ್ಲಿ ಒಂದು ಸಿಕ್ಕಿತು. ಈ ಕೆಲಸ ಮಗಳಿಗೆ ಬಿಟ್ಟಿಲ್ಲ.

ಮಜ್ಜಿಗೆ ಗಡ್ಡೆ

ಇದು ಸುಲಭ. ಉಪ್ಪಿಲ್ಲದ ತೆಳು ಮಜ್ಜಿಗೆಯನ್ನು ಸ್ಟೀಲ್ ಬಟ್ಟಲಲ್ಲಿ ಹಾಕಿ, ನಾಲ್ಕು ತುಂಡು ಗಜ್ಜರಿ ಸೇರಿಸಿ ಫ್ರೀಜರಿನಲ್ಲಿಡಿ. ಬಟ್ಟಲ ಸಮೇತ ಕೊಟ್ಟರೆ 20 ನಿಮಿಷ ನೆಕ್ಕುತ್ತಾಳೆ. ಇರುವೆ ಬರುತ್ತವೆ, ನೀರು ಹಾಕಿದ ಪರಾತದ ನಡುವೆ ಬಟ್ಟಲು ಇಡಿ.

ಒಂದು ಎಚ್ಚರಿಕೆ ಮಾತ್ರ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಶೇಂಗಾ ಹಿಂಡಿ (ಶೇಂಗಾ ಚಟ್ನಿ) ಇರುತ್ತದೆ. ರೊಟ್ಟಿ ಚೂರಿಗೆ ಅದನ್ನು ಸವರಿ ಕೊಡೋಣ ಅಂತ ಮಗಳು ಡಬ್ಬಿ ತಂದಿದ್ದಳು. ಅದರಲ್ಲಿ ಬೆಳ್ಳುಳ್ಳಿ ಇರುತ್ತದೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಶೇಂಗಾ ಬೇಕೇ ಬೇಕು ಅಂದರೆ ಬರೀ ಹುರಿದು, ಸಿಪ್ಪೆ ತೆಗೆದು, ಉಪ್ಪು ಖಾರ ಏನೂ ಇಲ್ಲದೆ ಅರೆದು ಒಂದು ಬೆರಳಷ್ಟು.

ಜೂನ್ ಲೆಕ್ಕ

ಎಲ್ಲವನ್ನೂ ದಿನಾ ಕೊಡುವುದಿಲ್ಲ. ಒಂದು ದಿನ ಚಾಪೆ, ಒಂದು ದಿನ ಪೈಪು. ಕೆಲವು ದಿನ ಏನೂ ಇಲ್ಲದೆ "ಹುಡುಕು" ಅಂತ ಹೇಳಿ ಮನೆಯ ನಾಲ್ಕು ಮೂಲೆಯಲ್ಲಿ ರೊಟ್ಟಿ ಚೂರು ಅಡಗಿಸಿಡುತ್ತೇವೆ. ಅದಕ್ಕೆ ಒಂದು ಪೈಸೆಯೂ ಬೇಡ, ಅವಳಿಗೆ ಅದೂ ಅಷ್ಟೇ ಇಷ್ಟ. ಮುಗಿದ ಕೂಡಲೇ ಚಾಪೆ, ಪೈಪು ಎರಡನ್ನೂ ಎತ್ತಿ ಕಪಾಟಿನಲ್ಲಿ ಇಡುತ್ತೇವೆ. ಒಬ್ಬಳನ್ನೇ ಬಿಟ್ಟು ಎರಡರಲ್ಲಿ ಒಂದನ್ನೂ ಕೊಡುವುದಿಲ್ಲ. ಮೇ ಮಧ್ಯದಿಂದ ಈಚೆಗೆ ಚಪ್ಪಲಿ ಹೋಗಿಲ್ಲ. ಚೌಕಟ್ಟಿನ ಮೂಲೆಗೆ ಮರದ ತುಂಡು ಕೂರಿಸಿ ಬಣ್ಣ ಹಚ್ಚಿದ್ದೇನೆ, ಅದೂ ಹಾಗೇ ಇದೆ.

ಜೂನ್‌ನಲ್ಲಿ ಕಚೇರಿ ಮತ್ತೆ ಹಳೇ ಸಮಯಕ್ಕೆ ಬಂತು. ಚಾಪೆ ಹಾಸುವ ಕೆಲಸ ಈಗ ಅವ್ವನದು. ಅವಳು ಕಪಾಟಿನ ಬಾಗಿಲು ಮುಟ್ಟಿದರೆ ಸಾಕು, ಕೆಂಚಿ ಒಳಕೋಣೆಗೆ ಹೋಗಿ ಕೂತಿರುತ್ತಾಳೆ ಅಂತ ಸಂಜೆ ನನಗೆ ಹೇಳುತ್ತಾಳೆ. ಮರಳಿನ ಗುಂಡಿಗೆ ತಾಡಪತ್ರಿ ಕಟ್ಟಿದ್ದೇನೆ. ಮಳೆ ಬಿಟ್ಟ ದಿನ ತೆರೆಯುತ್ತೇವೆ.

ಮಳೆಗಾಲದ ತೊಂದರೆ ಅಂದರೆ ಚಾಪೆ ಒಣಗುವುದು. ವಾರಕ್ಕೊಮ್ಮೆ ತೊಳೆಯಲೇಬೇಕು, ಜೊಲ್ಲು ಇಳಿದಿರುತ್ತದೆ. ಮೇ ತಿಂಗಳಲ್ಲಿ ಮಾಳಿಗೆ ಮೇಲೆ ಹಾಕಿದರೆ ಒಂದು ಗಂಟೆಗೆ ಗರಿಗರಿ ಆಗುತ್ತಿತ್ತು. ಈಗ ಎರಡು ದಿನ ಬೇಕು, ಬುಡದಲ್ಲಿ ಮುಗ್ಗಲು ವಾಸನೆ ಬರುತ್ತದೆ. ಒಂದು ಒಣಗುವವರೆಗೆ ಇನ್ನೊಂದು ಇರಬೇಕು. ಮೊದಲ ಚಾಪೆಯಲ್ಲಿಯೂ 22 ಪಟ್ಟಿ ಸವೆದು ತೆಳ್ಳಗಾಗಿವೆ, ಬಿಚ್ಚಿ ಬೇರೆ ಹಾಕಬೇಕು. ನಮ್ಮ ಮನೆಯ ಹಳೆ ಬನಿಯನ್ ಎಲ್ಲ ಮುಗಿದವು ಅಂತ ಅಕ್ಕನಿಗೆ ಫೋನ್ ಮಾಡಿದ್ದೆ. ನಿನ್ನೆ ಸೇಡಂನಿಂದ ಒಂದು ಚೀಲ ತುಂಬ ಕಳಿಸಿದ್ದಾಳೆ. ಅವ್ವ ಒಂದೊಂದೇ ಜಗ್ಗಿ ನೋಡಿ ಬೇಕಾದ್ದು, ಬೇಡದ್ದು ಎರಡು ರಾಶಿ ಮಾಡಿದ್ದಾಳೆ. ಕತ್ತರಿ ಮೊಂಡಾಗಿದೆ, ನಾಳೆ ಕಚೇರಿಯಿಂದ ಬರುವಾಗ ಸಾಣೆ ಹಿಡಿಸಿಕೊಂಡು ಬಾ ಅಂದಿದ್ದಾಳೆ.